ನಾಲ್ಕು ಪುಟಕ್ಕೆ ಹಿಡಿಯದ್ದು

ನಾಲ್ಕೇ ಪುಟ ಸಾಕು ಲೆಂಪಿ, ಎಂದಿತು ಸಮಿತಿ.
ಇಸವಿಗಳಿರಲಿ, ಹೆಡ್‌ಮಾಸ್ತರರ ಹೆಸರಿರಲಿ,
ಗೆದ್ದ ಹಾಕಿ ಪಂದ್ಯಗಳಿರಲಿ; ಜಗಳಗಂಟಿ ಮಾತು ಬೇಡ.
ಬರೆದುಕೊಟ್ಟೆ. ಅಚ್ಚಾಯಿತು. ರಟ್ಟಿನ ಮೇಲೆ ಗಡಿಯಾರದ ಗೋಪುರ.
ಮಿಕ್ಕಿದ್ದು ಇದು.

ಕೆಟಲ್ ರಿಡ್ಜಿನ ಮೊದಲ ಶಾಲೆ ಸೌದೆ ಮಂಡಿಯ ಅಟ್ಟ.
ಹದಿನೇಳು ಮಕ್ಕಳು, ಒಂದು ಒಲೆ.
ಮಸಿಕುಡಿಕೆ ಹೆಪ್ಪುಗಟ್ಟದಿರಲೆಂದು ಅಂಗಿಯೊಳಗೆ ಅವಚಿ ತರಬೇಕು.
ಅಜ್ಜನ ಎದೆಯ ಮೇಲೊಂದು ನೀಲಿ ಕಲೆಯಿತ್ತು,
ಅದು ಆ ಮಸಿಯದೇ ಎಂದು ಆಣೆಯಿಡುತ್ತಿದ್ದ.
ಅಜ್ಜಿ ಸಹ ನಂಬಲಿಲ್ಲ.

ಆಮೇಲೆ ನೆಲದಡಿ ಕಬ್ಬಿಣ ಸಿಕ್ಕಿತು.
ಗಣಿ ಕಂಪನಿ ಗೊಣಗಿ ಕೊಟ್ಟ ತೆರಿಗೆಯಲ್ಲಿ
ಇಪ್ಪತ್ಮೂರನೇ ಇಸವಿಗೆ ಎದ್ದು ನಿಂತಿತು ಇಟ್ಟಿಗೆಯ ಅರಮನೆ:
ಅಮೃತಶಿಲೆಯ ಮೆಟ್ಟಿಲು, ನೆಲಮಾಳಿಗೆಯಲ್ಲಿ
ಹಬೆಯಾಡುವ ಈಜುಕೊಳ.
ಗಣಿಕಾರರ ಮಕ್ಕಳು ಅಂಚಿಗೆ ಬಂದು ನಿಂತು
ಕೇಳಿದ್ದು ಒಂದೇ: ಇಷ್ಟು ನೀರು ಕಾಯಿಸಲು
ಸೌದೆ ಒಡೆದವರು ಯಾರು?

ಬಾಗಿಲ ಮೇಲೆ ಕೆತ್ತನೆ: ಜ್ಞಾನವೇ ಬೆಳಕು.
ಬಾಗಿಲೊಳಗೆ ಇಂಗ್ಲಿಷ್ ಮಾತ್ರ.
ಫಿನ್ನಿಶ್‌ನಲ್ಲಿ ನೀರು ಕೇಳಿದ್ದಕ್ಕೆ ನನ್ನಮ್ಮ, ಆರು ವರ್ಷದವಳು,
ಬಾಯಲ್ಲಿ ಸೀಮೆಸುಣ್ಣ ಕಚ್ಚಿ ನಿಂತಳು ಒಂದು ಪೀರಿಯಡ್ಡು.
ಹಿಂದಿನ ಬೆಂಚಿನ ಸ್ಲೊವೇನಿಯದ ಹುಡುಗ ಲುಡ್ವಿಕ್ ಕಿಸಕ್ಕನೆ ನಕ್ಕ.
ಮರುದಿನ ಅವನ ಸರದಿ. ಅದೇ ಸುಣ್ಣದ ಕಡ್ಡಿ,
ಅವಳ ಹಲ್ಲಿನ ಗುರುತಿನ ಪಕ್ಕ ಅವನ ಹಲ್ಲಿನ ಗುರುತು.
ಹನ್ನೆರಡು ವರ್ಷಕ್ಕೆ ಮದುವೆಯಾದರು.
ಮನೆಯಲ್ಲಿ ಆಡಿದ್ದು ಇಂಗ್ಲಿಷು; ಬೇರೆ ಯಾವುದೂ ಇಬ್ಬರಿಗೂ ಒಟ್ಟಿಗೆ ಬರುತ್ತಿರಲಿಲ್ಲ.

ನಲವತ್ತನಾಲ್ಕರ ಪದವಿ ದಿನ ಒಂಬತ್ತು ಕುರ್ಚಿ ಖಾಲಿ.
ಕುರ್ಚಿಗೊಂದು ಟೊಪ್ಪಿಯಿಟ್ಟು ಹೆಸರು ಕೂಗಿದರು,
ತಾಯಂದಿರು ಎದ್ದು ಹೋಗಿ ಕಾಗದ ಪಡೆದರು.
ಶ್ರೀಮತಿ ಪೆರ್ಕೊವಿಚ್‌ಗೆ ಓದು ಬಾರದು,
ತಲೆಕೆಳಗಾಗಿ ಹಿಡಿದೇ ಫೋಟೋಗೆ ನಿಂತರು.
ಆ ಫೋಟೋ ಪುಸ್ತಕದಲ್ಲಿದೆ, ಎರಡನೇ ಪುಟ.
ಸಮಿತಿ ಗಮನಿಸಲಿಲ್ಲ. ನಾನು ಹೇಳಲಿಲ್ಲ.

ನನ್ನ ಕಾಲಕ್ಕೆ ಗಣಿಯ ಬಾಯಿ ಊರನ್ನೇ ಮೇಯುತ್ತಿತ್ತು,
ವರ್ಷಕ್ಕೊಂದು ಬೀದಿ.
ಬೇಕರಿ ಹೋಯಿತು, ಗಾಲಿ ಕಟ್ಟಿಸಿಕೊಂಡು ಚರ್ಚು ಹೋಯಿತು,
ಪರದೆ ತೂಗುತ್ತಿದ್ದಂತೆಯೇ ನಮ್ಮ ಮನೆ ಹೋಯಿತು.
ಶಾಲೆ ಭಾರ. ಉಳಿಯಿತು.
ದಿನಾ ಹನ್ನೊಂದಕ್ಕೆ ಮದ್ದು ಸಿಡಿಸುವರು.
ಟ್ರೆಲೋರ್ ಮೇಷ್ಟ್ರು, ರೇಖಾಗಣಿತ:
ತ್ರಿಕೋನದ ಮೂರು ಕೋನ ಕೂಡಿದರೆ
—ಕಣ್ಣು ಮುಚ್ಚುವರು. ನೆಲ ನಡುಗುವುದು.
ಬೋಳುತಲೆಯ ಮೇಲೆ ಚಾವಣಿಯ ಸುಣ್ಣ ಉದುರುವುದು—
ನೂರ ಎಂಬತ್ತು.

ಲೇತ್ ಮೆಷಿನ್ನಿನ ಕೋಣೆಗೆ ಹುಡುಗಿಯರು ಕಾಲಿಡುವಂತಿರಲಿಲ್ಲ.
ಕಿಟಕಿಯಿಂದ ನೋಡಿದೆ ನಾಲ್ಕು ವರ್ಷ, ಸುರುಳಿ ಸುರುಳಿ ಹಿತ್ತಾಳೆ.
ಎಪ್ಪತ್ತೇಳರಲ್ಲಿ ನನ್ನ ಮಗಳಿಗೆ ಬಾಗಿಲು ತೆರೆಯಿತು.
ಅವಳಿಗದು ಬೇಜಾರು ಬಂತು.

ಎಂಬತ್ತನಾಲ್ಕರಲ್ಲಿ ಗಣಿ ಮುಚ್ಚಿದ ಮರುದಿನ
ಹನ್ನೊಂದಕ್ಕೆ ಇಡೀ ಶಾಲೆ ಮಾತು ನಿಲ್ಲಿಸಿ ಕಾಯಿತು.
ಅಡಿಗೆಮನೆಯಲ್ಲಿ ಸೌಟು ಎತ್ತಿ ಹಿಡಿದೇ ನಿಂತಿದ್ದೆ ನಾನು.
ಏನೂ ಆಗಲಿಲ್ಲ.
ಅಷ್ಟು ದೊಡ್ಡ ಸದ್ದು ಆಮೇಲೆಂದೂ ಕೇಳಿಲ್ಲ.

ನೂರಹನ್ನೆರಡು ತಟ್ಟೆಗೆ ಸಾರು ಬಡಿಸಿದವಳು
ಅರುವತ್ತಕ್ಕೆ, ಮೂವತ್ತೊಂದಕ್ಕೆ ಅಳತೆ ಕಲಿತೆ.
ಈ ವರ್ಷ ಒಂಬತ್ತು ಮಕ್ಕಳು. ಹಳದಿ ಬಸ್ಸು ಅವರನ್ನು
ಹಾರ್ಲನ್ ಊರಿಗೆ ಒಯ್ಯುತ್ತದೆ; ಎಪ್ಪತ್ತು ಚಳಿಗಾಲ
ನಾವು ಹಿಮದುಂಡೆಯೊಳಗೆ ಕಲ್ಲಿಟ್ಟು ಹೊಡೆದವರ ಊರಿಗೆ.

ನಿನ್ನೆ ಪುಸ್ತಕ ಬಿಡುಗಡೆ. ಅಧ್ಯಕ್ಷರು ಹೊರಗಿನವರು.
ಭಾಷಣದ ನಡುವೆ ಹನ್ನೊಂದಾಯಿತು.
ಮುಂದಿನ ಸಾಲಿನ ಮುದುಕ ಮುದುಕಿಯರೆಲ್ಲ
ಕೆಮ್ಮು ಸಹ ನುಂಗಿ, ಕಣ್ಣು ಮುಚ್ಚಿ ಕೂತೆವು.
ತಮ್ಮ ಮಾತು ನಾಟಿತೆಂದುಕೊಂಡು ಅವರು
ಅದೇ ಸಾಲನ್ನು, ಪಾಪ, ಇನ್ನೊಮ್ಮೆ ಓದಿದರು.