ಬಲದ ಬ್ರೇಕು

ದಾವಣಗೆರೆ ಮಂಡಿಪೇಟೆಯ ಸಂದಿಯಲ್ಲಿ
ಮಸ್ತಾನ್ ಸಾಬರು ಮೊದಲು ಬಣ್ಣ ನೋಡುವುದಿಲ್ಲ.
ಟಗರುಕೊಂಬಿನ ಹ್ಯಾಂಡಲ್ಲು ಹಿಡಿದೆತ್ತಿ
ಗೇಣು ಮೇಲಿಂದ ನೆಲಕ್ಕೆ ಬಿಡುತ್ತಾರೆ:
"ಕೇಳ್ರಿ. ಗಿಲಕಿ ಆದ್ರೆ ಬ್ಯಾಡ. ಇದು ಗಂಟಿ."

ಆಮೇಲೆ ಸ್ಪ್ಯಾನರಿನಿಂದ ಕೊಳವೆ ಕೊಳವೆ ತಟ್ಟಿ,
ಕತ್ತಿನ ಬೆಸುಗೆಗೆ ಉಗುರು ತಾಗಿಸಿ,
ಬುಡಮೇಲು ಮಾಡಿ, ಜಿಡ್ಡಿನಡಿಯ ನಂಬರನ್ನು
ಹೆಬ್ಬೆರಳಲ್ಲೇ ಓದುತ್ತಾರೆ, ಕನ್ನಡಕ ಹಣೆಯ ಮೇಲೆ.
ಗಾಲಿ ತಿರುಗಿಸಿದರೆ ಫ್ರೀವೀಲು
ಮಂಡಕ್ಕಿ ಭಟ್ಟಿಯ ಹಾಗೆ ಚಟಪಟ.

"ಬಣ್ಣ ಮನ್ಯಾಗ ಬಳಿದದ್ದು, ಐನೂರು ಕಡಿಮಿ.
ಸೀಟು ಬ್ಯಾರೆ ಗಾಡೀದು, ಮುನ್ನೂರು."
ನಾನು ಒಳಗೊಳಗೇ ಕಳೆಯುತ್ತಿದ್ದೆ.

ಬ್ರೇಕಿಗೆ ಬಂದಾಗ ಕೈ ನಿಂತಿತು.
ಎಡದ್ದು ಸವೆದು ಹಳೇ ಬೆಳ್ಳಿ ಚಮಚ,
ಬಲದ್ದು ಅಂಗಡಿಯಿಂದ ನಿನ್ನೆ ಬಂದಂತೆ.

"ಹಾಲಪ್ಪಂದು," ಅಂದರು. "ಹತ್ತಿ ಮಿಲ್ಲಿನವ.
ಮಷಿನ್ನಿಗೆ ಬಲಗೈ ಮೂರು ಬೆರಳು ಕೊಟ್ಟಮೇಲೂ
ಹರಿಹರ ಮುಟ್ಟಿ ಬರೋದ್ರಾಗ
ಅವನ್ನ ಹಿಂದ ಹಾಕ್ದೋರಿಲ್ಲ."

ಮಾರಲು ತಂದ ಹುಡುಗ ಚಹಾದ ಲೋಟ ಇಟ್ಟು
ರೇಟು ಕೇಳಿದ.
ಸಾಬರು ಬಲದ ಬ್ರೇಕು ಒಮ್ಮೆ ಒತ್ತಿ ಬಿಟ್ಟರು;
ಯಾರೂ ದಣಿಸದ ಸ್ಪ್ರಿಂಗು ಟಣ್ಣನೆ ಮರಳಿತು.

"ಎಂಟು ಸಾವಿರ," ಅಂದರು ನನ್ನ ಕಡೆ ತಿರುಗಿ.
"ಆ ಐನೂರು ಕಳೀಬ್ಯಾಡ್ರಿ.
ಬಣ್ಣ ಅವನ ಎಡಗೈದು."