ತೂಕದ ಕಟ್ಟೆಯಿಂದ ಮನೆಗೆ

ಬಾಯ್ಲರಿನ ರಸೀದಿ ಬೇಕಿತ್ತು, ಅಷ್ಟೆ.
ವಾರಂಟಿಯವನು ಫೋನಿನಲ್ಲಿ ಕಾಯುತ್ತಿದ್ದ.
ರಸೀದಿ ಮನೆಯ ಕಂಪ್ಯೂಟರಿನಲ್ಲಿ,
ಮನೆ ಟ್ರಾಮಿನ ಆ ತುದಿಯಲ್ಲಿ,
ನಾನು ಲಿಯೆಪಾಯಾ ಬಂದರಿನಲ್ಲಿ
ಲಾರಿ ತೂಗುವ ಕಟ್ಟೆಯ ಪಕ್ಕದ ಗಾಜಿನ ಗೂಡಿನಲ್ಲಿ.

ತಂಗಿಯ ಮಗ ಗಾತಿಸ್ ಕ್ರಿಸ್‌ಮಸ್ಸಿಗೆ ಬಂದಾಗ
ಮಾಡಿಕೊಟ್ಟು ಹೋದ ಉಪಾಯ:
‘ಮಾವ, ಇನ್ನು ಮನೆ ನಿನ್ನ ಜೇಬಿನಲ್ಲಿ.’
ಜೇಬಿನಲ್ಲಿ ಏನೇನೋ ಇರುತ್ತದೆ, ಕೈ ಹಾಕುವುದು ಕಡಿಮೆ.
ಇವತ್ತು ಹಾಕಿದೆ.
ಪಾಸ್‌ವರ್ಡು: ಸತ್ತ ನಾಯಿಯ ಹೆಸರು, ಮದುವೆಯ ಇಸವಿ.

ಪರದೆ ಚೂರು ಚೂರಾಗಿ ಬಂತು,
ಮೊದಲು ಬೂದು ಚೌಕಗಳು, ಆಮೇಲೆ ಸಮುದ್ರ,
ಸಮುದ್ರಕ್ಕೆ ಮುಖ ಮಾಡಿ, ನನಗೆ ಬೆನ್ನು ಕೊಟ್ಟು
ಚಪ್ಪಲಿ ಕೈಯಲ್ಲಿ ಹಿಡಿದು ನಿಂತ ವಿಜ್ಮಾ.
ನಾನೇ ತೆಗೆದ ಫೋಟೊ.
ಅವಳ ಹೆಗಲ ಮೇಲೆ ಬಾಣವೊಂದು ಕೂತಿತ್ತು.
ನೋಡುತ್ತಿದ್ದಂತೆ ಎದ್ದು ನಡೆಯಿತು.

ನಾನು ಮೌಸ್ ಮುಟ್ಟಿರಲಿಲ್ಲ.

ಹನ್ನೊಂದು ಹತ್ತು. ಮನೆಯಲ್ಲಿ
ನೊಣವೂ ಇರಬಾರದ ಹೊತ್ತು.
ಕಳ್ಳ, ಅಂದುಕೊಂಡೆ.
ಗಂಟಲು ಒಣಗಿ, ಪೊಲೀಸರ ನಂಬರೂ ಮರೆತು
ಕಳ್ಳ ಏನು ಕದಿಯುತ್ತಾನೆಂದು ನೋಡುತ್ತ ಕೂತೆ.

ಕಳ್ಳ ಒಂದು ಕಡತ ತೆರೆದ.
ಮಾರ್ಚ್ ನಾಲ್ಕರ ತಾರೀಕು, ಮೇಲೆ ‘ಅರ್ಜಿ’ ಎಂದು ಹೆಸರು.
ಒಂದು ವಾಕ್ಯ ಬರೆದ, ಚುಕ್ಕೆ ಇಟ್ಟ,
ಚುಕ್ಕೆಯಾದ ಮೇಲೆ ಎರಡು ಸಲ ಜಾಗ ಬಿಟ್ಟ.
ಜಗತ್ತಿನಲ್ಲಿ ಹಾಗೆ ಬಿಡುವವಳು ಒಬ್ಬಳೇ.
ಟೈಪ್‌ರೈಟರಿನಲ್ಲಿ ಕಲಿತವಳು,
ಲಿನನ್ ಗಿರಣಿಯ ಲೆಕ್ಕದ ಕೋಣೆಯಲ್ಲಿ
ಇಪ್ಪತ್ತೆರಡು ವರ್ಷ ಕೂತವಳು,
ಇವತ್ತೂ ಏಳೂ ಇಪ್ಪತ್ತಕ್ಕೆ ಬುತ್ತಿ ಹಿಡಿದು
‘ಬರ್ತೀನಿ’ ಅಂದವಳು.

‘ವಯಸ್ಸು’ ಎಂಬಲ್ಲಿ ಐವತ್ತ ಮೂರು ಎಂದು ಬರೆದಳು,
ಮೂರನ್ನು ಅಳಿಸಿದಳು. ಐವತ್ತನ್ನೂ ಅಳಿಸಿದಳು.
‘ಹಿಂದಿನ ಕೆಲಸ ಬಿಟ್ಟ ಕಾರಣ’ ಎಂಬಲ್ಲಿ
ಗೆರೆಯೊಂದು ಕಣ್ಣು ಮಿಟುಕಿಸುತ್ತ ನಿಂತಿತು.
ಎಷ್ಟು ಹೊತ್ತೋ.

ಈಗ ಏಪ್ರಿಲ್ ಹತ್ತೊಂಬತ್ತು.
ಇಷ್ಟು ದಿನದ ರೈ ರೊಟ್ಟಿ, ಜೀರಿಗೆ ಚೀಸು,
ಎಲ್ಲಿ ಕೂತು ತಿಂದಳು ಇವಳು?
ಪಾರ್ಕಿನಲ್ಲೇ? ಈ ಊರಿನ ಗಾಳಿಯಲ್ಲೇ,
ಟೋಪಿ ಇದ್ದವರ ಟೋಪಿಯನ್ನು, ಇಲ್ಲದವರ ಕಿವಿಯನ್ನು
ಬಿಡದ ಈ ಗಾಳಿಯಲ್ಲೇ?

ಹಾರ್ನ್. ಲಾರಿ ಬಂದು ಹತ್ತಿತ್ತು ತೂಕಕ್ಕೆ.
ತುಂಬಿದ ಲಾರಿ ನಲವತ್ತೊಂದು ಟನ್,
ಖಾಲಿ ಲಾರಿ ಹದಿನೈದು,
ಕಳೆದರೆ ಗೋಧಿ. ಇಷ್ಟೇ ನನ್ನ ವಿದ್ಯೆ.
ಖಾಲಿ ಮಾಡಿಸದೆ ಯಾರ ಹೊರೆಯೂ ತಿಳಿಯುವುದಿಲ್ಲ.
ಚೀಟಿ ಹರಿದು ಕೊಡುವಾಗ ಮೊಣಕೈ ತಗುಲಿ
ಮೌಸ್ ಸರಿಯಿತು.

ಅಲ್ಲಿ, ನಮ್ಮ ಊಟದ ಕೋಣೆಯ ಮೂಲೆಯಲ್ಲಿ,
ಅವಳ ಕೈ ಕೆಳಗಿನ ಬಾಣ
ಅವಳನ್ನು ಕೇಳದೆ ಜಿಗಿಯಿತು.
ಇಬ್ಬರೂ ನಿಂತೆವು.
ಒಂದು ಬಾಣ, ಎರಡು ಕೈ, ನಡುವೆ ಇಡೀ ಊರು.
ಅವಳು ಮೆಲ್ಲಗೆ ಎಡಕ್ಕೆ ಎಳೆದಳು, ಪರೀಕ್ಷಿಸುವಂತೆ.
ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ,
ಪಿಂಗಾಣಿ ಅಂಗಡಿಯಲ್ಲಿ ಹುಡುಗರು ಕಟ್ಟುವಂತೆ.

ಬಾಯ್ಲರಿನವನು ಫೋನ್ ಇಟ್ಟಿದ್ದ.
ರಸೀದಿ ಹುಡುಕಲಿಲ್ಲ.
ಕಿಟಕಿ ಮುಚ್ಚುವ ಮೊದಲು ಒಂದೇ ನೋಡಿದೆ:
ಕಾರಣದ ಜಾಗದಲ್ಲಿ ಬರೆದಿದ್ದಳು
‘ಗಿರಣಿ ನಿಂತಿತು.’ ಆಮೇಲೆ ಎರಡು ಜಾಗ.

ಸಂಜೆ ಆರಕ್ಕೆ ಬುತ್ತಿ ತೊಳೆಯುತ್ತ ಅಂದಳು,
ಟ್ರಾಮು ಇವತ್ತು ತಡ.
ಹೂಂ ಅಂದೆ. ಆಲೂಗಡ್ಡೆ ಸುಲಿದೆ.
ಸಿಪ್ಪೆ ಉದ್ದವಾಗಿ ಬಂತು, ತುಂಡಾಗದೆ.
‘ಮನೆಯ ಮೌಸ್ ಹಳೆಯದಾಯಿತು,’ ಅಂದೆ,
‘ತನ್ನಷ್ಟಕ್ಕೆ ಜಿಗಿಯುತ್ತೆ. ಹೊಸದು ತರಲಾ?’

ನಲ್ಲಿ ನಿಂತಿತು.
ಅವಳು ತಿರುಗಲಿಲ್ಲ, ಫೋಟೊದಲ್ಲಿದ್ದಂತೆಯೇ ಬೆನ್ನು.
ಕೈ ಒರೆಸಿಕೊಳ್ಳಲು ತುಂಬಾ ಹೊತ್ತು ತೆಗೆದುಕೊಂಡಳು.
‘ತಾ,’ ಅಂದಳು, ‘ಆದರೆ
ತಂತಿ ಇರುವುದನ್ನೇ ತಾ, ಐನಾರ್ಸ್.’