ಅಕ್ಟೋಬರಿನ ಖಾಲಿ ಚೌಕ

ಫ್ರಿಜ್ಜಿನ ಬಾಗಿಲ ಮೇಲೆ
ಸಿಂಪಿ ಸಹಕಾರ ಸಂಘದ ಕ್ಯಾಲೆಂಡರು.
ತಿಂಗಳ ಮೊದಲ ತಾರೀಖಿಗೆಲ್ಲ ಒಂದೊಂದು ಕಾಟು:
ಆಗಸ್ಟು, ಸೆಪ್ಟೆಂಬರು.
ಅಕ್ಟೋಬರಿನದು ಮಾತ್ರ ಬಿಳಿ.

ಆ ಚೌಕದ ತುಂಬ ನಾನಿದ್ದೇನೆ,
ಇಳಿತದ ಹೊತ್ತಿಗೆ ದೋಣಿ ತಳ್ಳುವ ಅವಸರದಲ್ಲಿ.
ಮಾಂಸದ ವಾಸನೆಯ ಮಾತ್ರೆ
ಡ್ರಾಯರಿನೊಳಗೇ ಉಳಿಯಿತು.
ಸಂಜೆ ಕೊಟ್ಟರಾಯ್ತು ಅಂದುಕೊಂಡೆ.
ಸಂಜೆಗಳಿಗೆ ನೆನಪು ಕಡಿಮೆ.

ಇಲ್ಲಿ, ಕ್ಲೈಡ್ ನದಿ ಕಡಲಿಗೆ ಬಾಯಿ ಕೊಡುವಲ್ಲಿ,
ವಸಂತವೆಂದರೆ ಮೊದಲು ಹೂವಲ್ಲ.
ಹೊಟ್ಟೆಚೀಲದ ಬ್ಯಾಂಡಿಕೂಟು ಇರುಳಲ್ಲಿ ಬಂದು
ಹುಲ್ಲಂಗಳದಲ್ಲಿ ಮೂಗಿನಿಂದ ಕುಳಿ ತೋಡಿ
ಬಾಡಿಗೆ ಕೊಡದ ಒಕ್ಕಲನ್ನು ಬೆನ್ನಿಂದ ಇಳಿಸಿ ಹೋಗುತ್ತದೆ.
ಹುಲ್ಲಿನ ತುದಿಗೇರಿ, ಮುಂಗಾಲು ಚಾಚಿ
ಕಾಯುವುದೇ ಆ ಒಕ್ಕಲಿನ ಕಸುಬು.
ಹಾದುಹೋಗುವವರ ಉಸಿರೇ ಅದಕ್ಕೆ ಊಟದ ಗಂಟೆ.
ಉಣ್ಣುವುದನ್ನೇ ಹೆಸರಾಗಿ ಹೊತ್ತ
ಉಣ್ಣಿ.

ಮೊದಲು ಹೋದದ್ದು ದನಿ.
ಅಂಚೆಯ ಡೆಲ್ಮಾಳ ಗಾಡಿಗೆ ದಿನವೂ ಬೊಗಳುವ ರೋಲೋ
ಶುಕ್ರವಾರ ಬೊಗಳಿದಾಗ
ಬೇರೆ ಯಾರದೋ ಗಂಟಲನ್ನು ಕಡ ತಂದಂತಿತ್ತು.
ಆಮೇಲೆ ಹಿಂಗಾಲು. ಮೆಟ್ಟಿಲ ಮೇಲೆ ಎರಡು ಹೆಜ್ಜೆ,
ಮೂರನೆಯದಕ್ಕೆ ಕಾಲು
ನಾನು ನಿನ್ನದಲ್ಲ ಅಂದಿತು.
ಮಗಳು ಟೆಗನ್, ಹತ್ತು ವರ್ಷದ ಬೆರಳಲ್ಲಿ
ಕಿವಿಯ ಮಡಿಕೆ ಬಿಡಿಸಿ ಕೂಗಿದಳು.
ನದಿದಂಡೆಯ ಹರಳುಗಿಡದಿಂದ ಉದುರಿದ ಬೀಜದ ಹಾಗೆ
ಬೂದು, ನುಣುಪು,
ತುಂಬಿ ತೇಗುವಷ್ಟು ತೃಪ್ತ.

ಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ, ಹಿಚುಕಲೇಬೇಡಿ,
ಚಿಮಟವನ್ನು ಚರ್ಮಕ್ಕೆ ಒತ್ತಿ ತಲೆಯ ಬುಡ ಹಿಡಿದು ನೇರ ಎಳೀರಿ —
ಫೋನಿನಲ್ಲಿ ಡಾಕ್ಟರ್ ಹೆಡ್ಲಿ.
ನೀರೂ ಕುಡಿಸಬೇಡಿ, ಗಂಟಲಿಗೆ ನುಂಗುವುದು ಮರೆತಿರುತ್ತೆ.
ಬೇಗ ಬನ್ನಿ.

ನಲವತ್ತು ಕಿಲೋಮೀಟರು. ಗಾಡಿ ಓಡಿಸಿದ್ದು ಎರಲ್.
ಯಾರೂ ನನ್ನನ್ನು ಬೈಯಲಿಲ್ಲ.
ಬೈದಿದ್ದರೆ ದಾರಿ ಕೊಂಚ ಕಡಿಮೆಯಾಗುತ್ತಿತ್ತೇನೋ.

ತಣ್ಣನೆಯ ಮೇಜಿನ ಮೇಲೆ
ಹನಿಹನಿಯಾಗಿ ಅವನೊಳಗೆ ಇಳಿದದ್ದು
ನಾಯಿಯ ನೆತ್ತರಿನದೇ ತಿಳಿ:
ಎಲ್ಲೋ, ಈ ವಿಷವನ್ನು ತುಸುತುಸುವೇ ತಾಳಿ
ಅರಗಿಸಿಕೊಂಡ, ಹೆಸರು ಗೊತ್ತಿಲ್ಲದ ನಾಯಿಗಳದು.
'ಅವಕ್ಕೆ ಯಾರಾದರೂ ಥ್ಯಾಂಕ್ಸ್ ಹೇಳ್ತಾರಾ?'
ಟೆಗನ್ ಕೇಳಿದಳು.
ಹೆಡ್ಲಿ ಸೂಜಿಯ ಕಡೆ ನೋಡಿದರು.

ನಾಲ್ಕು ರಾತ್ರಿ. ಬುಧವಾರ ಮರಳಿದ,
ಎರಡು ಕಿಲೋ ಹಗುರ, ಬೊಗಳಿಗೆ ತುಕ್ಕು.

ಈಗ ದಿನವೂ ಸಂಜೆ ನನ್ನ ಪಾಳಿ.
ಸಿಂಪಿ ಒಡೆದೊಡೆದು ಒರಟಾದ ಬೆರಳು,
ಆದರೂ ಕೂದಲ ಕಾಡಿನಲ್ಲಿ ಕಣ್ಣಿಗಿಂತ ಇವೇ ವಾಸಿ.
ಮೂಗಿನ ತುದಿಯಿಂದ ಹಿಂದೆ ಹಿಂದೆ,
ತುಟಿಯ ಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು,
ಕಾಲ್ಬೆರಳ ಸಂದು, ಬಾಲದ ಬುಡ.
ಗಂಟೊಂದು ಸಿಕ್ಕರೆ ಎದೆ ಧಸಕ್ಕೆನ್ನುತ್ತದೆ.
ನರುಲಿ. ಹಳೆಯದು, ಪರಿಚಯದ್ದು.

ಕಪಾಟಿನ ಮೇಲಿಂದ ಟ್ಯಾನ್ಸಿ ಬೆಕ್ಕು
ಇದನ್ನೆಲ್ಲ ಕೀಳಾಗಿ ನೋಡುತ್ತದೆ.
ಅದರ ಮದ್ದಿಗೆ ಬೇರೆ ಡಬ್ಬಿ:
ನಾಯಿಗೆ ಹಚ್ಚುವ ಹನಿ ಬೆಕ್ಕಿಗೆ ವಿಷವಾದೀತು ಎಂದು
ಟೆಗನ್ ಕೆಂಪಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ.
ಸಣ್ಣ ಹಲ್ಲಿನ ಹಣಿಗೆಗೆ ಸಿಕ್ಕ ಚಿಗಟ
ಸೋಪುನೀರಿನ ಬಟ್ಟಲಲ್ಲಿ
ಕೊನೆಯ ಸಲ ನೆಗೆಯಲು ನೋಡುತ್ತದೆ.
ಪಾಪ ಅನ್ನುವುದಿಲ್ಲ ನಾನು.
ಅನ್ನಿಸುತ್ತದೆ. ಅನ್ನುವುದಿಲ್ಲ.

ನವೆಂಬರಿಗೆ ಕಾಟು ಬಿತ್ತು, ಟೆಗನ್ ಕೈಯದು, ಎರಡೆರಡು ಸಲ.
ಹಿಂದಿನ ಹಾಳೆಗೂ ಒಂದು ಗೀಟೆಳೆದುಬಿಡು ಅಂದ ಎರಲ್.
ಇರಲಿ ಅಂದೆ.

ನಡುರಾತ್ರಿ ಅಂಗಳದಲ್ಲಿ ಮೂಗಿನ ಸದ್ದು,
ಒದ್ದೆ ಮಣ್ಣು ಕೆದರುವ ಸದ್ದು.
ಅದಕ್ಕೂ ಊರು ಇದೇ, ನಮಗಿಂತ ಮೊದಲಿನಿಂದ.
ರೋಲೋ ತಲೆ ಎತ್ತಿ ಆಲಿಸುತ್ತಾನೆ, ಬೊಗಳುವುದಿಲ್ಲ.
ನಿದ್ದೆಗಣ್ಣಲ್ಲೇ ನನ್ನ ಕೈ
ಅವನ ಕಿವಿಯ ಮಡಿಕೆ ಹುಡುಕುತ್ತದೆ.